ಅನುಮಾನದ ವ್ಯಾಕರಣ: ೨೦೦೭ರ ವಿಶ್ವಕಪ್ ಕ್ರಿಕೆಟ್ ಮತ್ತು ಹಗರಣ ವರದಿಯ ಭಾಷೆ

೧. ಪ್ರವೇಶ

ಕನ್ನಡದಲ್ಲಿ 'ಅನುಮಾನ' ಎಂಬ ಪದಕ್ಕೆ ಎರಡು ನೆಲೆಗಳಿವೆ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಅದೊಂದು ಪ್ರಮಾಣ. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಜ್ಞಾನಸಾಧನಗಳಲ್ಲಿ ಒಂದು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅದರ ಪ್ರಸಿದ್ಧ ನಿದರ್ಶನ. ಬಳಕೆಯ ಕನ್ನಡದಲ್ಲಾದರೋ ಅದೇ ಪದವು ಶಂಕೆ, ಸಂಶಯ, ಗುಮಾನಿ ಎಂಬ ಅರ್ಥಗಳಲ್ಲಿ ನೆಲೆನಿಂತಿದೆ. ಒಂದು ಅರ್ಥದ ಅನುಮಾನವು ಸಂಶಯವನ್ನು ಕೊನೆಗಾಣಿಸುತ್ತದೆ. ಇನ್ನೊಂದು ಅರ್ಥದ ಅನುಮಾನವೇ ಸಂಶಯ. ಒಂದೇ ಪದದೊಳಗೆ ಪರಸ್ಪರ ವಿರುದ್ಧವಾದ ಎರಡು ಮನಃಸ್ಥಿತಿಗಳು ಒಟ್ಟಿಗೆ ವಾಸಿಸುತ್ತಿರುವುದು ಭಾಷಾಭ್ಯಾಸಿಗಳಿಗೆ ಕುತೂಹಲದ ಸಂಗತಿ. ಆದರೆ ಎರಡನೆಯ ಅನುಮಾನವು ಮೊದಲನೆಯ ಅನುಮಾನದ ವೇಷ ತೊಟ್ಟು ಸಾರ್ವಜನಿಕ ಬದುಕಿಗೆ ಇಳಿದಾಗ ಅದು ಕುತೂಹಲದ ಸಂಗತಿಯಾಗಿ ಮಾತ್ರ ಉಳಿಯುವುದಿಲ್ಲ.

ದೊಡ್ಡ ಪಂದ್ಯಾವಳಿಗಳ ನಡುವೆ ರಾಷ್ಟ್ರೀಯ ಕ್ರೀಡಾ ತಂಡಗಳ ಸುತ್ತ ಹುಟ್ಟಿಕೊಳ್ಳುವ ಹಗರಣ ವರದಿಗಳು ಇಂತಹ ವೇಷಾಂತರಕ್ಕೆ ಒಳ್ಳೆಯ ಉದಾಹರಣೆಗಳು. ಪ್ರಸ್ತುತ ಲೇಖನದಲ್ಲಿ ೨೦೦೭ರ ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯ ಸಂದರ್ಭದಲ್ಲಿ ಪಾಕಿಸ್ತಾನ ತಂಡದ ಸುತ್ತ ಬೆಳೆದ ಕಥನವನ್ನು ಮುಖ್ಯವಾಗಿ ಇಟ್ಟುಕೊಂಡು, ಹಗರಣ ವರದಿಯ ಭಾಷೆ ಯಾವ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಪರಿಶೀಲಿಸಲು ಪ್ರಯತ್ನಿಸಲಾಗಿದೆ. ಕನ್ನಡ ವರದಿಗಾರಿಕೆಯಲ್ಲಿ ರೂಢಿಯಾಗಿರುವ ಕ್ರಿಯಾರೂಪಗಳು ಈ ಚರ್ಚೆಯ ಕೇಂದ್ರದಲ್ಲಿವೆ. ಇಲ್ಲಿ ಕೊಟ್ಟಿರುವ ಕನ್ನಡ ವಾಕ್ಯಗಳು ಯಾವುದೇ ಪತ್ರಿಕೆಯಿಂದ ಎತ್ತಿಕೊಂಡವಲ್ಲ, ಮಾದರಿಗಾಗಿ ರಚಿಸಿಕೊಂಡವು.

೨. ಘಟನೆಗಳ ಕ್ರಮ

ವೆಸ್ಟ್ ಇಂಡೀಸ್‌ನಲ್ಲಿ ೨೦೦೭ರ ಮಾರ್ಚ್ ೧೩ರಿಂದ ಏಪ್ರಿಲ್ ೨೮ರವರೆಗೆ ನಡೆದ ಈ ಪಂದ್ಯಾವಳಿಯಲ್ಲಿ ಹದಿನಾರು ತಂಡಗಳಿದ್ದವು. ಮಾರ್ಚ್ ೧೭ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಪಾಕಿಸ್ತಾನ ತಂಡವು ೧೩೨ ಓಟಗಳಿಗೆ ಆಲೌಟಾಗಿ ಐರ್ಲೆಂಡ್‌ಗೆ ಮೂರು ವಿಕೆಟ್‌ಗಳಿಂದ ಸೋತಿತು. ಮರುದಿನ ಬೆಳಿಗ್ಗೆ ತಂಡದ ತರಬೇತುದಾರ ಬಾಬ್ ವೂಲ್ಮರ್ ಪೆಗಸಸ್ ಹೋಟೆಲಿನ ತಮ್ಮ ಕೊಠಡಿಯಲ್ಲಿ ಪ್ರಜ್ಞಾಹೀನರಾಗಿ ಬಿದ್ದಿದ್ದುದು ಕಂಡುಬಂದಿತು. ಆಸ್ಪತ್ರೆಯಲ್ಲಿ ಅವರು ನಿಧನರಾದುದಾಗಿ ಪ್ರಕಟಿಸಲಾಯಿತು. ಕಾನ್ಪುರದಲ್ಲಿ ಹುಟ್ಟಿ, ಇಂಗ್ಲೆಂಡ್ ಪರವಾಗಿ ಟೆಸ್ಟ್ ಆಡಿ, ದಕ್ಷಿಣ ಆಫ್ರಿಕಾ ತಂಡಕ್ಕೂ ತರಬೇತುದಾರರಾಗಿದ್ದ ಅವರಿಗೆ ಆಗ ಐವತ್ತೆಂಟು ವರ್ಷ.

ಮಾರ್ಚ್ ೨೨ರಂದು ಜಮೈಕಾದ ಪೊಲೀಸರು ಇದು ಕೊರಳು ಹಿಸುಕಿ ಮಾಡಿದ ಕೊಲೆ ಎಂದು ಅಧಿಕೃತವಾಗಿ ಘೋಷಿಸಿದರು. ಪಾಕಿಸ್ತಾನದ ಆಟಗಾರರ ಬೆರಳಚ್ಚುಗಳನ್ನು ಪಡೆಯಲಾಯಿತು. ದ್ವೀಪವನ್ನು ಬಿಟ್ಟು ಹೊರಡುವ ಮುನ್ನ ನಾಯಕ ಇಂಜಮಾಮ್-ಉಲ್-ಹಕ್, ಸಹಾಯಕ ತರಬೇತುದಾರ ಮುಷ್ತಾಕ್ ಅಹ್ಮದ್ ಮತ್ತು ವ್ಯವಸ್ಥಾಪಕ ತಲತ್ ಅಲಿ ಮತ್ತೊಮ್ಮೆ ಪೊಲೀಸರ ಪ್ರಶ್ನೆಗಳಿಗೆ ಉತ್ತರಿಸಬೇಕಾಯಿತು. ಮುಂದಿನ ವಾರಗಳಲ್ಲಿ ಬಾಜಿ ಕಟ್ಟುವವರ ಜಾಲ, ಮೋಸದಾಟ, ವಿಷಪ್ರಯೋಗ ಎಂಬ ಕಥೆಗಳು ಹಲವು ದೇಶಗಳ ಪತ್ರಿಕೆಗಳಲ್ಲಿ, ದೂರದರ್ಶನ ವಾಹಿನಿಗಳಲ್ಲಿ ಒಂದರ ಮೇಲೊಂದು ಬಂದವು. ಜೂನ್ ೧೨ರಂದು, ಪಂದ್ಯಾವಳಿ ಮುಗಿದು ಆರು ವಾರಗಳಾದ ಮೇಲೆ, ಅದೇ ಪೊಲೀಸ್ ಇಲಾಖೆಯು ವೂಲ್ಮರ್ ಅವರದು ಸಹಜ ಸಾವು ಎಂದು ಪ್ರಕಟಿಸಿತು. ಮುರಿದಿದೆ ಎಂದು ಮೊದಲು ಹೇಳಲಾಗಿದ್ದ ಕೊರಳ ಮೂಳೆ ಮುರಿದಿರಲಿಲ್ಲವೆಂದು ಹೊರದೇಶಗಳ ತಜ್ಞರ ಪರಿಶೀಲನೆಯಲ್ಲಿ ಕಂಡುಬಂದಿತ್ತು. ಆ ವರ್ಷದ ನವೆಂಬರಿನಲ್ಲಿ ಮರಣ ವಿಚಾರಣೆಯ ಪಂಚರು, ಯಾವ ನಿರ್ಧಾರಕ್ಕೂ ಸಾಕಷ್ಟು ಸಾಕ್ಷ್ಯವಿಲ್ಲವೆಂದು, ಸಾವಿನ ಕಾರಣವನ್ನು ತೆರೆದೇ ಇಟ್ಟ ತೀರ್ಪನ್ನು ನೀಡಿದರು. ಯಾರ ಮೇಲೂ ಕೊಲೆಯ ಮೊಕದ್ದಮೆ ಹೂಡಲ್ಪಡಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. 'ಕೊಲೆ' ಎಂಬ ಪದವನ್ನು ಮಾಧ್ಯಮಗಳು ತಾವಾಗಿ ಸೃಷ್ಟಿಸಲಿಲ್ಲ. ಅದನ್ನು ಕೊಟ್ಟವರು ಪೊಲೀಸರು. ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಆಪ್ತವಾಕ್ಯವೆಂದು ನಂಬಬಹುದಾಗಿದ್ದ ಶಬ್ದಪ್ರಮಾಣ. ಆದರೆ ಕೊಲೆಯಾಗಿದೆ ಎಂಬುದರಿಂದ ಕೊಲೆಗೂ ಸೋತ ತಂಡಕ್ಕೂ ಸಂಬಂಧವಿದೆ ಎಂಬಲ್ಲಿಗೆ ಹೋಗುವ ಹೆಜ್ಜೆ ಬೇರೆಯದು. ನಮ್ಮ ಚರ್ಚೆಗೆ ಮುಖ್ಯವಾದುದು ಆ ಎರಡನೆಯ ಹೆಜ್ಜೆ.

೩. ಹೊಗೆಯೋ ಮಂಜೋ

'ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ' ಎಂಬ ಗಾದೆಯು ಹಗರಣ ಕಥನದ ಮೂಲಮಂತ್ರ. ತಾರ್ಕಿಕರ ಬೆಟ್ಟದ ದೃಷ್ಟಾಂತವೇ ಈ ಗಾದೆಯಲ್ಲೂ ಇರುವಂತೆ ತೋರುತ್ತದೆ. ಆದರೆ ತಾರ್ಕಿಕನು ಗಾದೆಯಷ್ಟಕ್ಕೆ ತೃಪ್ತನಾಗುವುದಿಲ್ಲ. ಕಂಡದ್ದು ನಿಜವಾಗಿಯೂ ಹೊಗೆಯೇ, ಬೆಳಗಿನ ಮಂಜೇ ಎಂದು ಅವನು ಮೊದಲು ಕೇಳುತ್ತಾನೆ. ಹೇತುವು ಪಕ್ಷದಲ್ಲಿ ಇಲ್ಲದೆಯೇ ಇದೆಯೆಂದು ಭಾವಿಸಿದರೆ ಅದು ಅಸಿದ್ಧವೆಂಬ ಹೇತ್ವಾಭಾಸ. ಮುರಿಯದ ಮೂಳೆಯನ್ನು ಮುರಿದಿದೆಯೆಂದು ನಂಬಿ ಕೊಲೆಯನ್ನು ಊಹಿಸಿದ್ದು ಈ ಬಗೆಯದು. ಅಲ್ಲಿದ್ದುದು ಮಂಜು.

ಎರಡನೆಯ ಹೆಜ್ಜೆಯ ದೋಷ ಇನ್ನೊಂದು ಬಗೆಯದು. ಬಲಿಷ್ಠ ತಂಡವು ದುರ್ಬಲ ತಂಡಕ್ಕೆ ಸೋತಿದೆ, ಆದ್ದರಿಂದ ಅದು ಮೋಸದಾಟ ಎಂಬ ತರ್ಕದಲ್ಲಿ ಹೇತುವು ಸಾಧ್ಯವಿಲ್ಲದ ಕಡೆಯೂ ಕಾಣಿಸಿಕೊಳ್ಳುತ್ತದೆ. ಇದನ್ನು ಸವ್ಯಭಿಚಾರವೆನ್ನುತ್ತಾರೆ. ಅದೇ ಮಾರ್ಚ್ ೧೭ರಂದು, ಟ್ರಿನಿಡಾಡಿನಲ್ಲಿ, ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡವು ೧೯೧ ಓಟಗಳಿಗೆ ಆಲೌಟಾಗಿ ಬಾಂಗ್ಲಾದೇಶಕ್ಕೆ ಐದು ವಿಕೆಟ್‌ಗಳಿಂದ ಸೋತಿತ್ತು. ನಾಲ್ಕು ವರ್ಷಗಳ ಅನಂತರ, ೨೦೧೧ರ ಮಾರ್ಚ್ ೨ರಂದು, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅದೇ ಐರ್ಲೆಂಡ್ ತಂಡವು ೩೨೭ ಓಟಗಳ ಮೊತ್ತವನ್ನು ಬೆನ್ನಟ್ಟಿ ಇಂಗ್ಲೆಂಡನ್ನು ಅಷ್ಟೇ ಮೂರು ವಿಕೆಟ್‌ಗಳಿಂದ ಸೋಲಿಸಿತು. ಅದನ್ನು ಜಗತ್ತು ಅದ್ಭುತವೆಂದು ಕೊಂಡಾಡಿತು. ಸೋಲು ಒಂದೇ ಬಗೆಯದು. ಒಂದೆಡೆ ಅದು ಅದ್ಭುತ, ಇನ್ನೊಂದೆಡೆ ಅಪರಾಧದ ಸುಳಿವು. ಈ ವ್ಯತ್ಯಾಸವು ಆಟದಿಂದ ಬಂದುದಲ್ಲ, ಆಟಗಾರರ ಬಗ್ಗೆ ಮೊದಲೇ ಸಿದ್ಧವಾಗಿದ್ದ ಕಥೆಯಿಂದ ಬಂದುದು.

ಆ ಕಥೆಗೆ ಆಧಾರವೇ ಇರಲಿಲ್ಲವೆಂದು ಹೇಳಲಾಗದು. ೨೦೦೦ದಲ್ಲಿ ದೆಹಲಿ ಪೊಲೀಸರು ಬಯಲಿಗೆಳೆದ ಪ್ರಕರಣದಲ್ಲಿ ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬಾಜಿದಾರರಿಂದ ಹಣ ಪಡೆದುದನ್ನು ಒಪ್ಪಿಕೊಂಡಿದ್ದರು. ಅದೇ ವರ್ಷ ಪಾಕಿಸ್ತಾನದ ನ್ಯಾಯಮೂರ್ತಿ ಮಲಿಕ್ ಕಯ್ಯೂಮ್ ಅವರ ವಿಚಾರಣಾ ವರದಿಯ ಮೇಲೆ ಸಲೀಂ ಮಲಿಕ್ ಅವರಿಗೆ ಆಜೀವ ನಿಷೇಧ ವಿಧಿಸಲಾಗಿತ್ತು. ವೂಲ್ಮರ್ ಅವರ ನಿಧನಾನಂತರವೂ, ೨೦೧೦ರಲ್ಲಿ, ಲಾರ್ಡ್ಸ್ ಟೆಸ್ಟ್ ಪಂದ್ಯದ ನೋಬಾಲ್‌ಗಳ ಪ್ರಕರಣವನ್ನು ಹೊರಗೆ ತಂದದ್ದು ಒಂದು ಪತ್ರಿಕೆಯೇ. ಮೂವರು ಪಾಕಿಸ್ತಾನಿ ಆಟಗಾರರಿಗೆ ೨೦೧೧ರಲ್ಲಿ ಲಂಡನ್ನಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ಆದ್ದರಿಂದ ಮಾಧ್ಯಮಗಳು ಸುಮ್ಮನಿರಬೇಕಿತ್ತು ಎಂಬುದು ಈ ಲೇಖನದ ವಾದವಲ್ಲ. ಲಾರ್ಡ್ಸ್ ಪ್ರಕರಣದಲ್ಲಿ ಇಂತಹ ಓವರಿನ ಇಂತಹ ಎಸೆತ ನೋಬಾಲ್ ಆಗುತ್ತದೆಂದು ಮೊದಲೇ ಹೇಳಿದ ಮಧ್ಯವರ್ತಿಯ ಮಾತು ಚಿತ್ರೀಕರಣಗೊಂಡಿತ್ತು. ಮೈದಾನದಲ್ಲಿ ಹಾಗೆಯೇ ನಡೆಯಿತು. ಅಲ್ಲಿ ಹೊಗೆ ಇತ್ತು. ಕಿಂಗ್‌ಸ್ಟನ್‌ನಲ್ಲಿ ಇದ್ದುದು ಒಂದು ಸೋಲು ಮತ್ತು ಅದರ ಮರುದಿನದ ಒಂದು ಸಾವು. ಒಂದರ ಹಿಂದೆ ಒಂದು ಬಂದದ್ದೇ ಒಂದರಿಂದ ಒಂದು ಬಂದದ್ದಾಗಿ ಓದಲ್ಪಟ್ಟಿತು. ಈ ಎರಡು ವರದಿಗಾರಿಕೆಗಳ ನಡುವಿನ ಅಂತರವನ್ನು ಓದುಗನಿಗೆ ತಿಳಿಸಿಕೊಡಬೇಕಾದದ್ದು ಭಾಷೆ. ಅದು ಆ ಕೆಲಸವನ್ನು ಮಾಡುತ್ತದೆಯೇ ಎಂಬುದೇ ಪ್ರಶ್ನೆ.

೪. 'ಅಂತೆ'ಯಿಂದ 'ಎನ್ನಲಾಗಿದೆ'ಗೆ

ಕೇಳಿದ್ದನ್ನು ಕಂಡದ್ದರಿಂದ ಬೇರ್ಪಡಿಸಲು ಆಡುಗನ್ನಡದಲ್ಲಿ ಸೊಗಸಾದ ವ್ಯವಸ್ಥೆಯೊಂದಿದೆ. 'ಅವರು ಬಂದರು' ಎಂದರೆ ಹೇಳುವವನು ಹೊಣೆ ಹೊರುತ್ತಾನೆ. 'ಅವರು ಬಂದರಂತೆ' ಎಂದರೆ ತಾನು ಕಂಡಿಲ್ಲ, ಕೇಳಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. 'ಅಂತೆ' ಎಂಬ ಪ್ರತ್ಯಯವು ಮಾತಿನ ಮೂಲವನ್ನು ಹೇಳದಿದ್ದರೂ ಮೂಲವೊಂದು ಬೇರೆ ಕಡೆ ಇದೆಯೆಂಬುದನ್ನು ಮರೆಮಾಚುವುದಿಲ್ಲ. ಎದುರಿಗಿರುವವರು 'ಯಾರು ಹೇಳಿದರು?' ಎಂದು ಕೇಳಲು ಅದು ಬಾಗಿಲನ್ನು ತೆರೆದಿಡುತ್ತದೆ. ಈ ಪ್ರತ್ಯಯದ ಬಗ್ಗೆ ಕನ್ನಡಿಗರು ಎಷ್ಟು ಜಾಗೃತರೆಂದರೆ ಅದನ್ನೇ ನಾಮಪದ ಮಾಡಿ, ಪ್ರಾಸ ಸೇರಿಸಿ, ಗಾಳಿಮಾತಿಗೆ 'ಅಂತೆಕಂತೆ' ಎಂಬ ಹೆಸರನ್ನೇ ಇಟ್ಟಿದ್ದಾರೆ. 'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ' ಎಂಬ ಗಾದೆಯನ್ನು ಗಮನಿಸಬೇಕು. ವಿಚಾರಿಸದೆ ನಂಬುವವರನ್ನು ಗೇಲಿ ಮಾಡುವ ಈ ಗಾದೆ ತಾನೂ 'ಅಂತೆ'ಯಲ್ಲಿಯೇ ಮುಗಿಯುತ್ತದೆ. ತನ್ನ ಮಾತಿಗೂ ತಾನು ಸಾಕ್ಷಿಯಲ್ಲವೆಂದು ಎಚ್ಚರಿಸುತ್ತದೆ.

ಪತ್ರಿಕೆಯ ಗ್ರಾಂಥಿಕ ಶೈಲಿಯು ಈ ಪ್ರತ್ಯಯವನ್ನು ಆಡುಮಾತಿನದೆಂದು ಬಹುಮಟ್ಟಿಗೆ ದೂರವಿಟ್ಟಿತು. ಅದರ ಜಾಗಕ್ಕೆ 'ಎನ್ನಲಾಗಿದೆ', 'ಎಂದು ಹೇಳಲಾಗುತ್ತಿದೆ', 'ಎಂಬ ಶಂಕೆ ವ್ಯಕ್ತವಾಗಿದೆ', 'ಎಂಬ ಮಾತು ಕೇಳಿಬಂದಿದೆ', 'ಅನುಮಾನಕ್ಕೆ ಎಡೆಮಾಡಿಕೊಟ್ಟಿದೆ' ಮುಂತಾದ ರೂಪಗಳು ಬಂದವು. ಕರ್ಮಣಿ ಪ್ರಯೋಗವು ಆಡುಗನ್ನಡದಲ್ಲಿ ವಿರಳವೆಂಬುದು ತಿಳಿದ ವಿಷಯ. ವರದಿಯ ಭಾಷೆಯಲ್ಲಿ ಅದು ಹೇರಳವಾಗಿರುವುದಕ್ಕೆ ಶೈಲಿಯ ಗಾಂಭೀರ್ಯವೊಂದೇ ಕಾರಣವಲ್ಲ. ಕರ್ತೃವನ್ನು ಹೇಳದೆ ಬಿಡಲು ಅದು ಕೊಡುವ ಅನುಕೂಲವೂ ಕಾರಣ. ಕೆಳಗಿನ ಮೂರು ವಾಕ್ಯಗಳನ್ನು ಹೋಲಿಸಿ ನೋಡಬಹುದು.

(ಅ) ತಂಡದವರಿಗೆ ಬಾಜಿದಾರರ ನಂಟಿತ್ತು.
(ಆ) ತಂಡದವರಿಗೆ ಬಾಜಿದಾರರ ನಂಟಿತ್ತಂತೆ.
(ಇ) ತಂಡದವರಿಗೆ ಬಾಜಿದಾರರ ನಂಟಿತ್ತೆಂಬ ಶಂಕೆ ವ್ಯಕ್ತವಾಗಿದೆ.

ಮೊದಲ ವಾಕ್ಯ ಆರೋಪ. ಬರೆದವನು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಎರಡನೆಯದು ಗಾಳಿಮಾತು, ಅದು ಗಾಳಿಮಾತೆಂದೇ ಕೇಳಿಸುತ್ತದೆ. ಮೂರನೆಯದರ ಸ್ವಭಾವ ವಿಚಿತ್ರವಾದುದು. ಅದರ ಮುಖ್ಯಕ್ರಿಯೆ 'ವ್ಯಕ್ತವಾಗಿದೆ' ಎಂಬುದು. ಶಂಕೆ ವ್ಯಕ್ತವಾದದ್ದು ನಿಜವೇ ಆದ್ದರಿಂದ ವ್ಯಾಕರಣದ ದೃಷ್ಟಿಯಲ್ಲಿ ಇದು ಸುಳ್ಳಾಗಲು ಸಾಧ್ಯವೇ ಇಲ್ಲದ ವಾಕ್ಯ. ಗಾಳಿಮಾತಿನ ವಿಷಯ, ಅಧಿಕೃತ ಪ್ರಕಟಣೆಯ ಗತ್ತು, ಹೊಣೆಗಾರಿಕೆಯಿಂದ ವಿನಾಯಿತಿ ಇವು ಮೂರೂ ಇದರಲ್ಲಿ ಕೂಡಿವೆ. ಶಂಕಿಸಿದವರು ಯಾರು? ಪೊಲೀಸರೇ, ವರದಿಗಾರನೇ, ಹೋಟೆಲಿನ ಹಜಾರದಲ್ಲಿ ಸಿಕ್ಕ ಇನ್ನೊಬ್ಬ ವರದಿಗಾರನೇ? ವಾಕ್ಯದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಮಳೆ ಬರುವಂತೆ, ಬಿಸಿಲು ಏರುವಂತೆ, ಶಂಕೆಯೂ ತಾನಾಗಿ ವ್ಯಕ್ತವಾಗಿಬಿಟ್ಟಿದೆ.

ಇಂತಹ ಸೌಲಭ್ಯ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಫ್ರೆಂಚ್ ಪತ್ರಿಕೆಗಳು ದೃಢಪಡದ ಸುದ್ದಿಗೆ ಕ್ರಿಯಾಪದದ ಸಂಭಾವನಾ ರೂಪವನ್ನು ಬಳಸುವ ರೂಢಿಯಿದೆ. ಆದರೆ ಹಗರಣದ ಒತ್ತಡದಲ್ಲಿ ಅಂತಹ ಕಟ್ಟಳೆಗಳನ್ನು ಬದಿಗೊತ್ತುವ ಸಾಧನಗಳೂ ಇವೆ. ೨೦೧೦ರ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಫ್ರಾನ್ಸ್ ತಂಡವು ಮೆಕ್ಸಿಕೋಗೆ ಸೋತ ಎರಡು ದಿನಗಳ ತರುವಾಯ, ಜೂನ್ ೧೯ರಂದು, 'ಲೆಕಿಪ್' ಪತ್ರಿಕೆಯು ಆಟಗಾರ ನಿಕೋಲಾ ಅನೆಲ್ಕಾ ತರಬೇತುದಾರರನ್ನು ಬೈದರೆನ್ನಲಾದ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಮುಖಪುಟದಲ್ಲಿ ಅಚ್ಚುಮಾಡಿತು. ಅನೆಲ್ಕಾ ತಂಡದಿಂದ ಹೊರಬಿದ್ದರು. ಮರುದಿನ ನಿಸ್ನಾದಲ್ಲಿ ಆಟಗಾರರು ಅಭ್ಯಾಸವನ್ನು ಬಹಿಷ್ಕರಿಸಿದರು. ಅವರ ಹೇಳಿಕೆಯನ್ನು ತರಬೇತುದಾರ ರೇಮೋನ್ ಡೊಮೆನೆಕ್ ಅವರೇ ಓದಬೇಕಾಯಿತು. ಅನೆಲ್ಕಾ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ೨೦೧೧ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ತಳ್ಳಿಹಾಕಿತು. ಆದರೆ ಆ ಪದಗಳನ್ನೇ ತಾನು ಆಡಿಲ್ಲವೆಂದು ಅವರು ಹೇಳುತ್ತ ಬಂದಿದ್ದಾರೆ. ಮುಚ್ಚಿದ ಕೋಣೆಯೊಳಗೆ ಜಗಳ ನಡೆದದ್ದು ನಿಜ. ಆದರೆ ಉದ್ಧರಣ ಚಿಹ್ನೆಯು ಜಗಳ ನಡೆಯಿತು ಎಂದು ಹೇಳುವುದಿಲ್ಲ, ಈ ಪದಗಳನ್ನು ನಾವು ಕೇಳಿದೆವು ಎಂದು ಹೇಳುತ್ತದೆ. ಶಬ್ದವನ್ನು ಪ್ರತ್ಯಕ್ಷವಾಗಿಸುವ ಶಕ್ತಿ ಆ ಎರಡು ಪುಟ್ಟ ಗೆರೆಗಳಿಗಿದೆ. 'ಎನ್ನಲಾಗಿದೆ' ಎಂಬುದು ಹೇಳುವವನನ್ನು ಅಳಿಸಿದರೆ ಉದ್ಧರಣ ಚಿಹ್ನೆಯು ಹೇಳುವವನನ್ನು ಬಾಗಿಲ ಬಳಿ ನಿಂತು ಕೇಳಿದ ಸಾಕ್ಷಿಯನ್ನಾಗಿ ಮಾಡುತ್ತದೆ.

೫. ತಂಡವೆಂಬ ಕರ್ತೃ

ಕ್ರಿಯಾಪದದಲ್ಲಿ ಶಂಕಿಸುವವನು ಮಾಯವಾದರೆ ಕರ್ತೃಸ್ಥಾನದಲ್ಲಿ ಇನ್ನೊಂದು ಮಾರ್ಪಾಟು ನಡೆಯುತ್ತದೆ. 'ಪಾಕಿಸ್ತಾನ ಸೋತಿತು', 'ಭಾರತ ಮುಗ್ಗರಿಸಿತು' ಎಂದು ಬರೆಯುವಾಗ ಹನ್ನೊಂದು ಮಂದಿಗೆ ನಾವು ದೇಶದ ಹೆಸರನ್ನು ಕೊಡುತ್ತೇವೆ. ಇದು ಕ್ರೀಡಾವರದಿಯ ಸಹಜ ಲಕ್ಷಣೆ. ಪತ್ರಿಕೆಗೂ ರಾಷ್ಟ್ರಕಲ್ಪನೆಗೂ ಇರುವ ನಂಟನ್ನು ಬೆನೆಡಿಕ್ಟ್ ಆಂಡರ್ಸನ್ ೧೯೮೩ರಲ್ಲಿಯೇ ವಿವರಿಸಿದ್ದಾರೆ. ಗೆಲುವಿನಲ್ಲಿ ಈ ಲಕ್ಷಣೆ ಎಲ್ಲರಿಗೂ ಹಿತ. ಆದರೆ ಶಂಕೆಯ ವಾಕ್ಯದಲ್ಲಿ ಅದೇ ಹೆಸರು ಕುಳಿತಾಗ ಬಿಡಿ ವ್ಯಕ್ತಿಯ ಮೇಲಿನ ಆರೋಪಕ್ಕೆ ಬೇಕಾದ ಪುರಾವೆ ಇಡೀ ಸಮೂಹದ ಮೇಲಿನ ಆರೋಪಕ್ಕೆ ಬೇಡವಾಗುತ್ತದೆ. 'ಇಂಥವನು ಮೋಸ ಮಾಡಿದ' ಎನ್ನಲು ಅಂಜುವ ಲೇಖನಿ 'ತಂಡದ ಮೇಲೆ ಶಂಕೆಯ ನೆರಳು' ಎಂದು ನಿರಾಳವಾಗಿ ಬರೆಯುತ್ತದೆ. ಆ ನೆರಳು ತಂಡದ ಪ್ರತಿಯೊಬ್ಬನ ಮೇಲೂ ಬೀಳುತ್ತದೆ.

ಭಾರತ ತಂಡದ ವಿಷಯದಲ್ಲಿ ಸೋಲಿನ ಕಥನ ಇನ್ನೊಂದು ದಾರಿ ಹಿಡಿಯಿತು. ಬಾಂಗ್ಲಾದೇಶದೆದುರಿನ ಸೋಲಿನ ಬೆನ್ನಲ್ಲೇ ರಾಂಚಿಯಲ್ಲಿ ಕಟ್ಟುತ್ತಿದ್ದ ಮಹೇಂದ್ರಸಿಂಗ್ ಧೋನಿಯವರ ಮನೆಯ ಮೇಲೆ ದಾಳಿ ನಡೆಯಿತು. ಮಾರ್ಚ್ ೨೩ರಂದು ಶ್ರೀಲಂಕಾ ವಿರುದ್ಧ ೬೯ ಓಟಗಳಿಂದ ಸೋತ ಮೇಲೆ ತಂಡವು ಮೊದಲ ಸುತ್ತಿನಲ್ಲಿಯೇ ಹೊರಬೀಳುವುದು ಬಹುತೇಕ ಖಚಿತವಾಯಿತು. ತರಬೇತುದಾರ ಗ್ರೆಗ್ ಚಾಪೆಲ್ ಮತ್ತು ಹಿರಿಯ ಆಟಗಾರರ ನಡುವಿನ ವೈಮನಸ್ಯದ ಸುದ್ದಿಗಳು ದಿನವೂ ಬಂದವು. ಏಪ್ರಿಲ್ ೪ರಂದು ಚಾಪೆಲ್ ಹುದ್ದೆ ತೊರೆದರು. ಆ ತಂಡದಲ್ಲಿ ಕರ್ನಾಟಕದ ಮೂವರಿದ್ದರು: ನಾಯಕ ದ್ರಾವಿಡ್, ಅನಿಲ್ ಕುಂಬ್ಳೆ, ರಾಬಿನ್ ಉತ್ತಪ್ಪ. ಸೋಲಿನ ಹೊಣೆಯನ್ನು ನಾಯಕನ ಮೇಲೆ ಹೊರಿಸಿದ ಬರಹವನ್ನು ಇಲ್ಲಿನ ಓದುಗರು 'ನಮ್ಮವನು' ಎಂಬ ಭಾವದಿಂದ ಮೆತ್ತಗೆ ಓದಿಕೊಂಡಿರಬಹುದು. ಹಾಗಿದ್ದರೆ ಕಿಂಗ್‌ಸ್ಟನ್‌ನ ಸುದ್ದಿಯನ್ನು ನಾವು ಹಾಗೆ ಓದಲಿಲ್ಲವೇಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ. 'ನಮ್ಮವರ' ಸೋಲಿಗೆ ಒಳಜಗಳ ಕಾರಣ, 'ಅನ್ಯರ' ಸೋಲಿಗೆ ಅಪರಾಧ ಕಾರಣ ಎಂಬ ಹಂಚಿಕೆ ತರ್ಕದಿಂದ ಹುಟ್ಟಿದ್ದಲ್ಲ.

ಪಂದ್ಯಾವಳಿಯ ದಿನಚರಿಗೂ ಇದರಲ್ಲಿ ಪಾಲಿದೆ. ಏಪ್ರಿಲ್ ೧೫ರಂದು ಬಾರ್ಬಡೋಸ್‌ನಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರಾಗಬಹುದೆಂದು ಎಲ್ಲರೂ ಕಾದಿದ್ದರು. ಆ ದಿನ ಅಲ್ಲಿ ಆಡಿದವರು ಬಾಂಗ್ಲಾದೇಶ ಮತ್ತು ಐರ್ಲೆಂಡ್. ವಿಶೇಷ ಪುಟಗಳು, ವಿಶೇಷ ಕಾರ್ಯಕ್ರಮಗಳು, ದೂರದ ದ್ವೀಪಗಳಿಗೆ ಕಳುಹಿಸಿದ ವರದಿಗಾರರು ಇವೆಲ್ಲ ಮೊದಲೇ ನಿಗದಿಯಾಗಿರುವಾಗ ಆಟ ಮುಗಿದರೂ ಪುಟ ಮುಗಿಯುವುದಿಲ್ಲ. ತುಂಬಬೇಕಾದ ಪುಟವು ಪ್ರತಿದಿನ ಹೊಸ ಊಹೆಯನ್ನು ಬೇಡುತ್ತದೆ. ಹೇಳಬೇಕಾದ ಹೊಸ ಸಂಗತಿ ಇಲ್ಲದ ದಿನ ಹಳೆಯ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆಯನ್ನು ಹಚ್ಚಿದರೂ ಸಾಕು, ಶೀರ್ಷಿಕೆ ಸಿದ್ಧ.

೬. ತರಗತಿಯಲ್ಲಿ ಮಾಡಬಹುದಾದ ಕೆಲಸ

ಈ ವಿಷಯವನ್ನು ಪತ್ರಿಕೋದ್ಯಮ ವಿಭಾಗಕ್ಕೆ ಬಿಟ್ಟುಕೊಡದೆ ಕನ್ನಡ ಅಧ್ಯಾಪಕರೂ ಕೈಗೆತ್ತಿಕೊಳ್ಳಬಹುದು. ೨೦೦೭ರ ಮಾರ್ಚ್‌ನಿಂದ ಜೂನ್‌ವರೆಗಿನ ಯಾವುದಾದರೂ ಒಂದು ಕನ್ನಡ ದಿನಪತ್ರಿಕೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತೆರೆದು, ಈ ಪ್ರಕರಣದ ವರದಿಗಳ ಮುಖ್ಯಕ್ರಿಯೆಗಳನ್ನು ಮಾತ್ರ ಪಟ್ಟಿಮಾಡಲು ವಿದ್ಯಾರ್ಥಿಗಳಿಗೆ ಹೇಳಬಹುದು. ಪ್ರತಿ ಕ್ರಿಯೆಯ ಎದುರಿಗೆ ಕರ್ತೃವನ್ನು ಬರೆಯಬೇಕು. ಕರ್ತೃವಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ಜೂನ್ ೧೨ರ ಪ್ರಕಟಣೆ ಯಾವ ಪುಟದಲ್ಲಿ, ಎಷ್ಟು ಸಾಲುಗಳಲ್ಲಿ ಬಂದಿದೆಯೆಂದು ಅಳೆದು ಮಾರ್ಚ್ ೨೨ರ ಪ್ರಕಟಣೆಯೊಂದಿಗೆ ಹೋಲಿಸಬೇಕು.

ವಚನದ ಬಳಕೆಯನ್ನೂ ಪರಿಶೀಲಿಸಬಹುದು. ಕನ್ನಡ ಪತ್ರಿಕೆಗಳು ಆಟಗಾರರಿಗೆ ಸಾಮಾನ್ಯವಾಗಿ ಗೌರವಾರ್ಥದ ಬಹುವಚನವನ್ನು ಬಳಸುತ್ತವೆ. ಅಪರಾಧ ವರದಿಗಳಲ್ಲಿಯಾದರೋ ಆರೋಪಿಗೆ 'ಈತ', 'ಆತ' ಎಂಬ ಏಕವಚನ ರೂಢಿಯಾಗಿದೆ. ತೀರ್ಪಿಗೆ ಮೊದಲೇ ವ್ಯಾಕರಣವು ಒಂದು ಸಣ್ಣ ಶಿಕ್ಷೆಯನ್ನು ವಿಧಿಸಿಬಿಡುತ್ತದೆ. ಕ್ರೀಡಾಪುಟದಿಂದ ಅಪರಾಧಪುಟಕ್ಕೆ ಒಬ್ಬ ವ್ಯಕ್ತಿ ಸ್ಥಳಾಂತರಗೊಂಡಾಗ ಅವನ ವಚನ ಏನಾಗುತ್ತದೆ ಎಂಬುದು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ.

೭. ಉಪಸಂಹಾರ

ಮೇಲಿನ ಚರ್ಚೆಯಿಂದ ಒಂದು ಮಾತನ್ನು ಹೇಳಬಹುದಾಗಿದೆ. ಹಗರಣ ವರದಿಯ ಭಾಷೆಯ ತೊಂದರೆ ಅದು ಸುಳ್ಳಾಡುತ್ತದೆ ಎಂಬುದಲ್ಲ. ಹಲವು ವೇಳೆ ಅದರ ಒಂದೊಂದು ವಾಕ್ಯವೂ ಕಟ್ಟುನಿಟ್ಟಾಗಿ ನಿಜವೇ ಆಗಿರುತ್ತದೆ. ತೊಂದರೆಯಿರುವುದು ಆ ವಾಕ್ಯಗಳನ್ನು ಹಿಂದಕ್ಕೆ ಪಡೆಯಲಾಗದು ಎಂಬಲ್ಲಿ. 'ನಾನು ಶಂಕಿಸಿದೆ' ಎಂದವನು ಮುಂದೊಂದು ದಿನ 'ನನ್ನ ಶಂಕೆ ತಪ್ಪಾಗಿತ್ತು' ಎನ್ನಬಲ್ಲ. 'ಶಂಕೆ ವ್ಯಕ್ತವಾಗಿದೆ' ಎಂಬ ವಾಕ್ಯಕ್ಕೆ ಕರ್ತೃವೇ ಇಲ್ಲದಿರುವುದರಿಂದ ಅದನ್ನು ಹಿಂಪಡೆಯುವವರೂ ಇರುವುದಿಲ್ಲ. ಪೊಲೀಸರು ತಮ್ಮ ಹೆಸರಿನಲ್ಲಿ ಕೊಲೆ ಎಂದಿದ್ದರು. ತಮ್ಮ ಹೆಸರಿನಲ್ಲಿಯೇ ಅಲ್ಲವೆಂದರು. ಅವರ ಮಾತಿಗೆ ಒಂದು ಕೊನೆ ಸಿಕ್ಕಿತು. ಬಾಜಿದಾರರ, ವಿಷದ, ಒಳಸಂಚಿನ ಮಾತುಗಳಿಗೆ ಹಾಗೆ ಕೊನೆ ಹಾಡುವವರು ಯಾರೂ ಇರಲಿಲ್ಲ. ತಮ್ಮ ಗುರುವನ್ನು ಕಳೆದುಕೊಂಡ ದುಃಖದಲ್ಲಿದ್ದ ಆಟಗಾರರು ಬೆರಳಚ್ಚು ಕೊಟ್ಟು ಮನೆಗೆ ಮರಳಿದ್ದರು. ಅವರಲ್ಲಿ ಯಾರೂ ಆರೋಪಿಯಾಗಿರಲಿಲ್ಲವಾದ್ದರಿಂದ ಅವರನ್ನು ಬಿಡುಗಡೆ ಮಾಡುವ ತೀರ್ಪೂ ಬರಲಿಲ್ಲ.

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ನಮ್ಮ ಗಾದೆ ಹೇಳುತ್ತದೆ. ಕಾಣದೆ ಇದ್ದುದರ ಬಗ್ಗೆ ಬರೆಯುವಾಗ ಈ ಮಾತು ಇನ್ನಷ್ಟು ಸಲ್ಲುತ್ತದೆ. ಹಳ್ಳಿಯ ಜಗಲಿಯಲ್ಲಿ ಕೂತವರು ಕೂಡ ಊರಿನ ಸುದ್ದಿಯನ್ನು ಹೇಳುವಾಗ ಕೊನೆಯಲ್ಲೊಂದು 'ಅಂತೆ' ಸೇರಿಸುತ್ತಾರೆ. ಆ ಎರಡಕ್ಷರದ ಪ್ರಾಮಾಣಿಕತೆಯನ್ನು ನಮ್ಮ ಗ್ರಾಂಥಿಕ ಗದ್ಯವು ಯಾವಾಗ, ಏಕೆ ಕಳೆದುಕೊಂಡಿತೆಂಬುದನ್ನು ಹುಡುಕುವುದು ಕನ್ನಡ ಅಧ್ಯಯನದ ಹೊಣೆಗಳಲ್ಲೊಂದು ಎಂದು ಭಾವಿಸುತ್ತೇನೆ.